ದಿನಸಿ ಬಜೆಟ್: ಮೊದಲು ತೂಕ ಬರೆಯೋಣ, ಆಮೇಲೆ ರೂಪಾಯಿ

ಮಾನ್ಯ ಸಂಪಾದಕರೇ,

ಟೊಮೆಟೊ, ಈರುಳ್ಳಿ, ತೊಗರಿಬೇಳೆಯ ಬೆಲೆ ಏರಿದಾಗಲೆಲ್ಲ ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆಯುತ್ತವೆ. ಬರೆಯಲೇಬೇಕು. ಆದರೆ ಮನೆಯ ದಿನಸಿ ಖರ್ಚು ತಿಂಗಳು ಮುಗಿಯುವ ಮೊದಲೇ ಕೈಮೀರುವುದಕ್ಕೆ ಇಂಥ ಒಂದೇ ಪದಾರ್ಥ ಕಾರಣವಾಗುವುದು ಕಡಿಮೆ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ನಗರದ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಸುಮಾರು 40%. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿದರೂ ಒಟ್ಟು ಖರ್ಚಿನ 4%ರ ಆಸುಪಾಸು. ಪಾನೀಯ, ಹೊರಗಿನ ತಿಂಡಿ, ಸಂಸ್ಕರಿತ ಆಹಾರಕ್ಕೆ ಹೋಗುವುದು ಸುಮಾರು 11%. ಸೋರಿಕೆ ಎಲ್ಲಿದೆ ಎಂಬುದು ಇಲ್ಲೇ ಕಾಣುತ್ತದೆ. ಆದರೂ ಖರ್ಚು ಕಡಿಮೆ ಮಾಡಬೇಕು ಎಂದ ಕೂಡಲೇ ನಮ್ಮ ಕೈ ಮೊದಲು ಹೋಗುವುದು ಬೇಳೆಯ ಡಬ್ಬಿಗೆ.

ಬಹುತೇಕ ಮನೆಗಳಲ್ಲಿ ಬಜೆಟ್ ಎಂದರೆ ‘ಈ ತಿಂಗಳು ದಿನಸಿಗೆ ಇಷ್ಟು ಸಾವಿರ’ ಎಂದು ಗೊತ್ತು ಮಾಡಿಕೊಳ್ಳುವುದು. ಅದು ಎರಡು ತಿಂಗಳೂ ನಿಲ್ಲುವುದಿಲ್ಲ. ಬರೀ ಹಣ ಬರೆದಿಟ್ಟರೆ, ಖರ್ಚು ಹೆಚ್ಚಾದಾಗ ಅದು ಬೆಲೆ ಏರಿದ್ದರಿಂದಲೋ, ಬಳಕೆ ಏರಿದ್ದರಿಂದಲೋ, ಹಾಳಾಗಿ ಎಸೆದದ್ದರಿಂದಲೋ ಗೊತ್ತಾಗುವುದಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಪಟ್ಟಿಯಲ್ಲಿ ಮೊದಲು ಕೆಜಿ, ಲೀಟರ್ ಬರೆಯಬೇಕು. ಅದರ ಪಕ್ಕ ರೂಪಾಯಿ.

ಎಷ್ಟು ಬರೆಯುವುದು ಎಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಒಳ್ಳೆಯ ಆಧಾರ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಪ್ರಮಾಣ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ನಾಲ್ಕು ಜನರಿಗೆ ಮೂವತ್ತು ದಿನಕ್ಕೆ ಗುಣಿಸಿದರೆ ಧಾನ್ಯ 30 ಕೆಜಿ, ಬೇಳೆಕಾಳು ಸುಮಾರು 10 ಕೆಜಿ, ಎಣ್ಣೆ-ತುಪ್ಪ 3.24 ಕೆಜಿ. ಹಳೇ ಮೈಸೂರು ಕಡೆಯ ಮನೆಯಾದರೆ 30 ಕೆಜಿಯನ್ನು ಅಕ್ಕಿ 16, ರಾಗಿ 6, ಗೋಧಿಹಿಟ್ಟು 5, ರವೆ-ಅವಲಕ್ಕಿ 3 ಎಂದು ಹಂಚಿಕೊಳ್ಳಬಹುದು. ಉತ್ತರ ಕರ್ನಾಟಕದಲ್ಲಿ ಅಕ್ಕಿಯ ಜಾಗವನ್ನು ಬಹುಮಟ್ಟಿಗೆ ಜೋಳ ತೆಗೆದುಕೊಳ್ಳುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಕಾಳಿನ ಸ್ವಲ್ಪ ಭಾಗವನ್ನು ಅದಕ್ಕೆ ಬಿಟ್ಟುಕೊಡಬಹುದು. ತಮ್ಮ ಮನೆಯ ನಿಜವಾದ ಬಳಕೆಯನ್ನು ಇದರ ಪಕ್ಕ ಇಟ್ಟು ನೋಡಿದರೆ ಹೆಚ್ಚಿನವರಿಗೆ ಎಣ್ಣೆ ಜಾಸ್ತಿ, ಬೇಳೆಕಾಳು ಕಡಿಮೆ ಎಂದು ತಿಳಿಯುತ್ತದೆ. ಕಡಿತ ಮಾಡಬೇಕಾದದ್ದು ಎಲ್ಲಿ, ಮಾಡಬಾರದ್ದು ಎಲ್ಲಿ ಎಂಬುದಕ್ಕೆ ಬೇರೆ ಸಲಹೆ ಬೇಕಿಲ್ಲ.

ನಿಜವಾದ ಬಳಕೆ ತಿಳಿಯಲು ದಿನವೂ ಲೆಕ್ಕ ಬರೆಯಬೇಕಾಗಿಲ್ಲ. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆ ಅಥವಾ ಡಬ್ಬಿಯ ಮುಚ್ಚಳದ ಮೇಲೆ ಅಳಿಸದ ಪೆನ್ನಿನಿಂದ ಬರೆದರೆ ಸಾಕು. ಮುಂದಿನ ಪೊಟ್ಟಣ ಒಡೆದ ದಿನ ಲೆಕ್ಕ ಸಿಗುತ್ತದೆ. ಅಕ್ಕಿ, ಬೇಳೆಗೆ ಇನ್ನೊಂದು ಸೂತ್ರ: ತಿಂಗಳ ಮೊದಲ ದಿನ ಇದ್ದದ್ದು, ಅದಕ್ಕೆ ಕೊಂಡದ್ದು ಕೂಡಿಸಿ, ಕೊನೆಯ ದಿನ ಉಳಿದದ್ದು ಕಳೆಯಿರಿ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಹಾಲು, ಕಾಫಿಪುಡಿ, ತೆಂಗಿನಕಾಯಿ ಇಷ್ಟಕ್ಕೆ ಮಾಡಿದರೆ ಸಾಕು. ಸಾಸಿವೆ, ಇಂಗಿನ ಲೆಕ್ಕ ಇಡುತ್ತ ಹೋದರೆ ಮೂರನೇ ವಾರಕ್ಕೆ ಪುಸ್ತಕವೇ ಬೇಡವಾಗುತ್ತದೆ. ಉಪ್ಪನ್ನು ಮಾತ್ರ ಆರೋಗ್ಯದ ಕಾರಣಕ್ಕೆ ಗಮನಿಸಬೇಕು. ದಿನಕ್ಕೆ ತಲಾ 5 ಗ್ರಾಂ ಎಂದರೆ ನಾಲ್ವರ ಮನೆಯಲ್ಲಿ ಒಂದು ಕೆಜಿ ಪೊಟ್ಟಣ 50 ದಿನ ಬರಬೇಕು.

ಇನ್ನು ಬೆಲೆಯ ವಿಚಾರ. ಇಲ್ಲಿ ಗ್ರಾಹಕರು ಮೋಸಹೋಗುವುದು ತೂಕದಲ್ಲಿ. ಅಡುಗೆ ಎಣ್ಣೆ, ಬಿಸ್ಕತ್ತು, ಸೋಪಿನಂಥ ಪದಾರ್ಥಗಳನ್ನು ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕು ಎಂಬ ಪಟ್ಟಿ ಹಿಂದೆ ಪೊಟ್ಟಣ ಸಾಮಗ್ರಿಗಳ ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿಂದ 850, 800, 750 ಗ್ರಾಂ ಎಣ್ಣೆಯ ಪೊಟ್ಟಣಗಳು ಲೀಟರ್ ಪೊಟ್ಟಣದ ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಕೂತಿವೆ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಉದಾಹರಣೆಗೆ, 850 ಗ್ರಾಂ ಪೊಟ್ಟಣ 145 ರೂಪಾಯಿ, ಲೀಟರ್ ಪೊಟ್ಟಣ 152 ರೂಪಾಯಿ ಇದೆ ಎಂದುಕೊಳ್ಳಿ. ಕೈ ಹೋಗುವುದು 145ರ ಕಡೆಗೆ. ಕೆಜಿ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 170.60, ಎರಡನೆಯದು 167. ಕಡಿಮೆ ಎಂದು ಕಂಡದ್ದೇ ದುಬಾರಿ.

ಅದೇ ತಿದ್ದುಪಡಿ ಒಂದು ಒಳ್ಳೆಯದನ್ನೂ ಮಾಡಿತು: ಪೊಟ್ಟಣದ ಮೇಲೆ ಪ್ರತಿ ಗ್ರಾಂ, ಕೆಜಿ, ಮಿಲಿ ಅಥವಾ ಲೀಟರಿನ ದರ ಮುದ್ರಿಸುವುದು ಈಗ ಕಡ್ಡಾಯ. ಇದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಒಂದು, ಪೊಟ್ಟಣ ಕೆಜಿಗಿಂತ ಕಡಿಮೆ ತೂಕದ್ದಾದರೆ ದರ ಗ್ರಾಂ ಲೆಕ್ಕದಲ್ಲಿರುತ್ತದೆ. 0.34 ಮತ್ತು 0.36 ಎಂದರೆ ಎರಡು ಪೈಸೆ ವ್ಯತ್ಯಾಸದಂತೆ ಕಾಣುತ್ತದೆ, ಕೆಜಿಗೆ ಅದು 20 ರೂಪಾಯಿ. ಇನ್ನೊಂದು, ಆ ದರ ಲೆಕ್ಕಹಾಕಿರುವುದು ಗರಿಷ್ಠ ಮಾರಾಟ ಬೆಲೆಯ ಮೇಲೆ; ಅಂಗಡಿಯ ರಿಯಾಯಿತಿ ಕಳೆದ ಮೇಲೆ ನೀವೇ ಮತ್ತೆ ಭಾಗಿಸಿ ನೋಡಬೇಕು. ಫೋನಿನ ಕ್ಯಾಲ್ಕ್ಯುಲೇಟರ್ ಸಾಕು: ಕೊಡುವ ಹಣವನ್ನು ಗ್ರಾಂನಿಂದ ಭಾಗಿಸಿ, ಸಾವಿರದಿಂದ ಗುಣಿಸಿ.

ಅಕ್ಕಿಯ ಚೀಲಕ್ಕೂ ಇದೇ ಮಾತು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಇರುವ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ತೆರಿಗೆ ತಪ್ಪಿಸಲು 26 ಕೆಜಿ ಚೀಲಗಳು ಬಂದವು. ಚೀಲದ ಬೆಲೆ 1,500 ಎಂದರೆ 26ರಿಂದ ಭಾಗಿಸಬೇಕು: ಕೆಜಿಗೆ 57.70. ಅಭ್ಯಾಸಬಲದಿಂದ 25ರಿಂದ ಭಾಗಿಸಿದರೆ 60 ಬರುತ್ತದೆ, ಹೋಲಿಕೆಯೇ ತಪ್ಪುತ್ತದೆ. ದೋಸೆ, ಇಡ್ಲಿ, ರೊಟ್ಟಿಗೆ ಸಣ್ಣಕ್ಕಿ ಹಾಕುವುದಂತೂ ಶುದ್ಧ ನಷ್ಟ. ಅದಕ್ಕೆ ಪಡಿತರದ ಅಕ್ಕಿ ಅಥವಾ ದಪ್ಪ ಅಕ್ಕಿಯೇ ಚೆನ್ನ.

ಹಾಲಿನ ಉದಾಹರಣೆ ಎಲ್ಲರಿಗೂ ನೆನಪಿರಬೇಕು. 2024ರ ಜೂನ್‌ನಲ್ಲಿ ನಂದಿನಿ ಪೊಟ್ಟಣಕ್ಕೆ 50 ಮಿಲಿ ಹೆಚ್ಚು ಹಾಲು ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ರಂದು ಆ 50 ಮಿಲಿ ತೆಗೆದು ಲೀಟರಿಗೆ 4 ರೂಪಾಯಿ ಏರಿಸಿದರು. ನೀಲಿ ಪೊಟ್ಟಣ ನೋಡಿದವರಿಗೆ 44 ಇದ್ದದ್ದು 46 ಆಯಿತು, ಎರಡೇ ರೂಪಾಯಿ ಅನ್ನಿಸಿತು. 44 ಕೊಟ್ಟದ್ದು 1,050 ಮಿಲಿಗೆ, 46 ಕೊಡುತ್ತಿದ್ದದ್ದು 1,000 ಮಿಲಿಗೆ. ಲೀಟರ್ ಲೆಕ್ಕ ಇಟ್ಟವರ ಪುಸ್ತಕದಲ್ಲಿ ಮಾತ್ರ ಪೂರ್ತಿ ನಾಲ್ಕು ರೂಪಾಯಿ ಕಂಡಿತು.

ಕಾಫಿಪುಡಿಯಲ್ಲಿ ನೋಡಬೇಕಾದದ್ದು ಚಿಕೋರಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎರಡರ ಪ್ರಮಾಣವೂ ಪೊಟ್ಟಣದ ಮೇಲಿರಬೇಕು. 53-47ರ ಮಿಶ್ರಣವನ್ನು 80-20ರ ಮಿಶ್ರಣದ ಜೊತೆ ಕೆಜಿ ದರದಲ್ಲಿ ಹೋಲಿಸಿ ಅಗ್ಗ ಎನ್ನುವುದು ಸರಿಯಲ್ಲ. ಚಿಕೋರಿ ಕಾಫಿಗಿಂತ ಬಹಳ ಅಗ್ಗದ ವಸ್ತು.

ವರ್ಷಕ್ಕೊಮ್ಮೆ ಕೊಳ್ಳುವ ಪದ್ಧತಿಯನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟಿರಲಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ರಾಶಿ ಬರುವುದು ಫೆಬ್ರುವರಿ-ಮಾರ್ಚ್‌ನಲ್ಲಿ. ಹುಣಸೆಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಕಲಬುರಗಿ ಕಡೆಯ ತೊಗರಿ ಡಿಸೆಂಬರ್-ಜನವರಿಯಲ್ಲಿ ಕೊಯ್ಲಾಗುತ್ತದೆ. ಆಗ ಕೊಂಡರೆ ಲಾಭವಿದೆ, ಆದರೆ ಕೆಡದಂತೆ ಇಡಬಲ್ಲವರಿಗೆ ಮಾತ್ರ. ಆರು ತಿಂಗಳಿಗಾಗುವಷ್ಟು ಬೇಳೆ ಕೊಂಡು ಹತ್ತರಲ್ಲಿ ಒಂದು ಪಾಲು ಹುಳು ಹಿಡಿದರೆ, ಸಿಕ್ಕಿದ್ದ 10% ರಿಯಾಯಿತಿ ಅಲ್ಲಿಗೇ ಮುಗಿಯಿತು. ಮೆಣಸಿನಕಾಯಿ ಮುರಿದರೆ ಪಟಕ್ಕೆಂದು ಮುರಿಯುವಷ್ಟು ಒಣಗಿರಬೇಕು. ಬಗ್ಗುವಂತಿದ್ದರೆ ಮಳೆಗಾಲದಲ್ಲಿ ಒಳಗೆ ಬೂಷ್ಟು ಬರುತ್ತದೆ, ಅದನ್ನು ತಿನ್ನಬಾರದು. ಹುಣಸೆಯ ಬೀಜ, ನಾರು ತೆಗೆದು ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಡಬೇಕು. ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ ಗಾಳಿಯಾಡದ ಡಬ್ಬಿಗೆ ತುಂಬಬೇಕು. ಬೇಯಿಸುವ ಮೊದಲು ಚೆನ್ನಾಗಿ ತೊಳೆದರಾಯಿತು. ಬಿಸಿ ಬಿಸಿಯಾಗಿ ತುಂಬಿದರೆ ಮುಚ್ಚಳದ ಒಳಗೆ ಬೆವರಿ, ಆ ತೇವಕ್ಕೇ ಹುಳು ಬರುತ್ತದೆ. ರವೆ ಮಾತ್ರ ಹೆಚ್ಚು ಕೊಳ್ಳಲೇಬಾರದು. ಕೊಂಡರೆ ಆ ದಿನವೇ ಹುರಿದಿಡಬೇಕು. ಹೊಸ ದಾಸ್ತಾನನ್ನು ಹಳೆಯದರ ಮೇಲೆ ಸುರಿಯುವುದು ಎಲ್ಲ ಮನೆಯಲ್ಲೂ ಆಗುವ ತಪ್ಪು. ತಳದಲ್ಲಿರುವ ಹಳೆಯದರಿಂದ ನುಸಿ ಇಡೀ ಡಬ್ಬಿಗೆ ಹಬ್ಬುತ್ತದೆ.

ದೊಡ್ಡ ಪ್ಯಾಕ್ ಕೊಂಡಾಗ ಇನ್ನೊಂದು ತೊಂದರೆ ಇದೆ: ಕೈ ಧಾರಾಳವಾಗುತ್ತದೆ. ಐದು ಲೀಟರ್ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿದರೆ ಲೆಕ್ಕ ಉಳಿಯುವುದಿಲ್ಲ. ಮೇಲೆ ಹೇಳಿದ 3.24 ಕೆಜಿ ಎಂದರೆ ಸುಮಾರು 3.5 ಲೀಟರ್, ವಾರಕ್ಕೆ 800 ಮಿಲಿ ಚಿಲ್ಲರೆ. ಸೋಮವಾರ ಅಷ್ಟನ್ನು ಸಣ್ಣ ಜಗ್ಗಿಗೆ ತೆಗೆದಿಟ್ಟು ಕ್ಯಾನನ್ನು ಮೇಲಿನ ಕಪಾಟಿಗೆ ಏರಿಸಿಬಿಡಬೇಕು. ಶನಿವಾರಕ್ಕೆ ಮೊದಲೇ ಜಗ್ಗು ಖಾಲಿಯಾದರೆ ಆ ವಾರ ಎಷ್ಟು ಸಲ ಕರಿದೆವು ಎಂದು ನೆನಪಾಗುತ್ತದೆ.

ತರಕಾರಿಗೆ ತಿಂಗಳ ಮೊತ್ತ ಗೊತ್ತು ಮಾಡಿ ಪ್ರಯೋಜನವಿಲ್ಲ, ವಾರದ್ದು ಮಾಡಬೇಕು. ಸೊಪ್ಪು ಎರಡು ದಿನಕ್ಕಾಗುವಷ್ಟು ಮಾತ್ರ; ಕಟ್ಟು ಅಗ್ಗ ಎಂದು ನಾಲ್ಕು ತಂದು ಎರಡು ಎಸೆದರೆ ಬೆಲೆ ದುಪ್ಪಟ್ಟಾದಂತೆ. ಅವರೆಕಾಯಿ, ಬಟಾಣಿಯಂಥವನ್ನು ಕಾಯಿಯ ದರದಲ್ಲಿ ಹೋಲಿಸಬಾರದು. ಕೆಜಿ ಕಾಯಿ ಸುಲಿದರೆ ಸಾಮಾನ್ಯವಾಗಿ ಅರ್ಧ ಕೆಜಿಗೂ ಕಡಿಮೆ ಕಾಳು ಸಿಗುತ್ತದೆ. ಕಾಯಿ 60 ರೂಪಾಯಿ ಇದ್ದು 400 ಗ್ರಾಂ ಕಾಳು ಬಂದರೆ, ಕಾಳಿನ ದರ ಕೆಜಿಗೆ 150. ಬೀದಿಯಲ್ಲಿ ಸುಲಿದ ಕಾಳು 140ಕ್ಕೆ ಸಿಕ್ಕರೆ ಅದೇ ಲಾಭ. ಹಾಪ್‌ಕಾಮ್ಸ್ ಮಳಿಗೆಯ ಆ ದಿನದ ದರಪಟ್ಟಿ ನೋಡಿಕೊಂಡು ಉಳಿದ ಕಡೆ ಚೌಕಾಸಿ ಮಾಡುವುದು ಒಳ್ಳೆಯ ಅಭ್ಯಾಸ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಂತೆ ಬೆಲೆ ಏರಿದಾಗ ಗಾಬರಿ ಬೇಡ. ನಾಟಿಯಾದ ಎರಡು ಎರಡೂವರೆ ತಿಂಗಳಿಗೆ ಫಸಲು ಬರುವ ಬೆಳೆ ಅದು, ಏರಿಕೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಸಾರಿಗೆ ಹುಣಸೆ, ಗೊಜ್ಜಿಗೆ ಮಾವಿನಕಾಯಿ, ನಿಂಬೆ. 2025ರಲ್ಲಿ ತೆಂಗಿನಕಾಯಿ ದುಬಾರಿಯಾದಾಗ ಚಟ್ನಿಗೆ ಅರ್ಧ ಹುರಿಗಡಲೆ ಸೇರಿಸಿದವರ ಲೆಕ್ಕ ತಪ್ಪಲಿಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳು ಬಜೆಟ್ಟಿಗೆ ಬಂದಿರುವ ಹೊಸ ತೂತು. 150 ರೂಪಾಯಿಯ ಸಾಮಾನಿಗೆ 20 ರೂಪಾಯಿ ಶುಲ್ಕ ಸೇರಿದರೆ ಅದು 13%ಕ್ಕೂ ಹೆಚ್ಚು; ಯಾವ ತೆರಿಗೆ ಕಡಿತವೂ ಅದನ್ನು ತುಂಬಿಕೊಡದು. ಶುಲ್ಕ ತಪ್ಪಿಸಲೆಂದು ಚಿಪ್ಸ್, ಚಾಕೊಲೇಟ್ ಸೇರಿಸಿದರೆ ಇನ್ನೂ ನಷ್ಟ. ಫೋನಿನಲ್ಲೇ ಪಟ್ಟಿ ಮಾಡುತ್ತ ಹೋಗಿ, ವಾರಕ್ಕೊಮ್ಮೆ ಮಾತ್ರ ಆರ್ಡರ್ ಮಾಡಿದರೆ ಪಟ್ಟಿಯ ಎಷ್ಟೋ ಸಾಮಾನು ಬೇಡವೆಂದು ಅಳಿಸಿಹೋಗುತ್ತದೆ.

ಸೋಪು, ಪೇಸ್ಟು, ಬಟ್ಟೆ ಪುಡಿಯನ್ನು ದಿನಸಿಯಿಂದ ಬೇರೆ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ 18ರಿಂದ 5%ಕ್ಕೆ, ತುಪ್ಪ, ಬೆಣ್ಣೆಯದು 12ರಿಂದ 5%ಕ್ಕೆ ಇಳಿಯಿತು. ಬಟ್ಟೆ ತೊಳೆಯುವ ಡಿಟರ್ಜೆಂಟ್ 18%ರಲ್ಲೇ ಉಳಿಯಿತು. ಎಲ್ಲ ಒಂದೇ ಬಿಲ್ಲಿನಲ್ಲಿ ಬೆರೆತರೆ ಇಳಿದದ್ದು ನಮಗೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಹಬ್ಬದ ಖರ್ಚೂ ಪ್ರತ್ಯೇಕವಾಗಿರಲಿ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗಿನ ತಿಂಗಳುಗಳಲ್ಲಿ ತುಪ್ಪ, ಬೆಲ್ಲ, ಕೊಬ್ಬರಿ, ಕಡಲೆಬೇಳೆ ಏರುವುದು ಪ್ರತಿ ವರ್ಷ ಗೊತ್ತಿರುವ ಸಂಗತಿ. ಕಳೆದ ವರ್ಷದ ಹಬ್ಬದ ಬಿಲ್ಲುಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳೂ ತೆಗೆದಿಟ್ಟರೆ ಆಗ ಸಾಲ ಬರೆಸುವುದು ತಪ್ಪುತ್ತದೆ.

ಇಷ್ಟೆಲ್ಲ ಮನೆಯವರು ಮಾಡಿಕೊಳ್ಳಬಹುದು. ಎರಡು ಕೆಲಸ ಮಾತ್ರ ಹೊರಗಿನವರಿಂದ ಆಗಬೇಕು. ಪತ್ರಿಕೆಗಳಲ್ಲಿ ಬರುವ ಎಪಿಎಂಸಿ ಧಾರಣೆ ಕ್ವಿಂಟಲ್ ಲೆಕ್ಕದಲ್ಲಿದ್ದು ರೈತರಿಗೆ, ವರ್ತಕರಿಗೆ ಉಪಯೋಗ. ವಾರಕ್ಕೊಮ್ಮೆ, ತಿಂಗಳ ಸಾಮಾನು ಕೊಳ್ಳುವ ದಿನಗಳಿಗೆ ಮುಂಚೆ, ಹತ್ತು ದಿನಸಿ ಪದಾರ್ಥಗಳ ಚಿಲ್ಲರೆ ದರವನ್ನು ಕೆಜಿ ಲೆಕ್ಕದಲ್ಲಿ, ಎಣ್ಣೆಯನ್ನೂ ಲೀಟರಿನ ಬದಲು ಕೆಜಿಯಲ್ಲೇ, ಹಿಂದಿನ ತಿಂಗಳ ದರದ ಜೊತೆ ಪ್ರಕಟಿಸಿ ಎಂದು ನಿಮ್ಮಲ್ಲಿ ಕೋರುತ್ತೇನೆ. ಹಾಗೆಯೇ ತೂಕ-ಅಳತೆ ನೋಡಿಕೊಳ್ಳುವ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಸೂಪರ್ ಮಾರ್ಕೆಟ್‌ಗಳ ಕಪಾಟಿನ ಚೀಟಿಗಳಲ್ಲಿ, ರಿಯಾಯಿತಿ ಕಳೆದ ಮೇಲಿನ ಕೆಜಿ ದರವನ್ನು ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿಸಲಿ. ಪೊಟ್ಟಣದ ಹಿಂಬದಿಯ ಇರುವೆಯಷ್ಟು ಸಣ್ಣ ಅಂಕಿಗಳನ್ನು ಕನ್ನಡಕ ಹಾಕಿದ ಹಿರಿಯರೂ ಓದಲಾರರು. ಗರಿಷ್ಠ ಬೆಲೆಗಿಂತ ಹೆಚ್ಚು ಕೇಳಿದರೆ, ತೂಕ ಕಡಿಮೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆ ಸಂಖ್ಯೆಯೂ ಅದೇ ಚೀಟಿಯಲ್ಲಿರಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ತುಮಕೂರು