ಕರಕರ ಸದ್ದಿಗೆ ಕಿವಿಗೊಟ್ಟವರಿಗೆ

ಅಪ್ಪನ ಟ್ರಂಕಿನಲ್ಲಿದ್ದ 23 ಗ್ರಾಮಫೋನ್ ಪ್ಲೇಟುಗಳಲ್ಲಿ ಕೊನೆಯದು ಯಾವ ಹಾಡು ಅನ್ನೋದು ಮೊನ್ನೆ ಗೊತ್ತಾಯಿತು. ಹಾಡುಗಳನ್ನು ಗುರುತಿಸಿ, ಕರಕರ ಸದ್ದು ತೆಗೆದು ಪೆನ್‌ಡ್ರೈವಿಗೆ ಇಳಿಸುವ ಈ ಕೆಲಸ ನಡುವೆ ಎಂಟು ತಿಂಗಳು ಯಾಕೆ ನಿಂತಿತ್ತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ.

ಟರ್ನ್‌ಟೇಬಲ್ ಕೊಟ್ಟ ಗೆಳೆಯ, ಲೇಬಲ್ ಪಕ್ಕ ಕೆತ್ತಿದ್ದ ನಂಬರುಗಳನ್ನು ಭೂತಗನ್ನಡಿ ಹಿಡಿದು ಓದಿದ ತಂಗಿ ಮಗಳು, ತುಣುಕು ಕೇಳಿ ರಾಗ ಹೇಳಿದ ನೀವೆಲ್ಲ, ತುಂಬಾ ಥ್ಯಾಂಕ್ಸ್.

ಇನ್ನು ಹಾರ್ಮೋನಿಯಂ ಮೇಷ್ಟ್ರು.

ಆ ಸಂಜೆ ನಾನು ಒಂದು ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಿಬಿಟ್ಟಿದ್ದೆ. ಪ್ಲೇಟು ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತೆ. ಗೊತ್ತಿದ್ದೂ ಮಾಡಿದೆ. ಬಟ್ಟೆಗೆ ಕಪ್ಪು ಹತ್ತಿದಾಗ ಎಲ್ಲ ಸಾಕು ಅನ್ನಿಸಿತು. ಫೋನ್ ಮಾಡಿದ ಅರ್ಧ ಗಂಟೆಗೆ ಮೇಷ್ಟ್ರು ಆಟೋದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಸಮೇತ ಬಂದರು. ಬೈಯಲಿಲ್ಲ. "ಉಳಿದಿರೋದನ್ನ ಹಾಕು" ಅಂದರು.

ಗುರುತು ಸಿಗದೆ ಉಳಿದಿದ್ದದ್ದು ಲೇಬಲ್ ಅಳಿಸಿಹೋದ ಒಂದು ನಾಟಕದ ಹಾಡು. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದ ಗಾಯಕಿ ಗೌಹರ್ ಜಾನ್ ಹಾಗೆ ಕೊನೆಗೆ ತನ್ನ ಹೆಸರು ಹೇಳುವ ಪುಣ್ಯಾತ್ಗಿತ್ತಿಯಲ್ಲ ಈಕೆ. ರಾಗ ಭೀಮಪಲಾಸ ಅಂತ ನಾನು, ಪಟದೀಪ ಅಂತ ಗೆಳೆಯ. ಸ್ವರದ ಲೆಕ್ಕದಲ್ಲಿ ವ್ಯತ್ಯಾಸ ಒಂದು ನಿಷಾದದ್ದು, ಅಂದರೆ 'ನಿ' ಸ್ವರದ್ದು: ಭೀಮಪಲಾಸಕ್ಕೆ ಕೋಮಲ, ಪಟದೀಪಕ್ಕೆ ಶುದ್ಧ. ಮೇಷ್ಟ್ರು ಪೆಟ್ಟಿಗೆ ಹಿಡಿದರೆ ಪ್ಲೇಟಿನ ಶ್ರುತಿ ಪೆಟ್ಟಿಗೆಯ ಎರಡು ಮನೆಗಳ (ಕೀಲಿಗಳ) ನಡುವೆ ಬೀಳುತ್ತಿತ್ತು. "ವೇಗ ಜಾಸ್ತಿ ಆಯ್ತಲ್ವಾ?" ಅಂದರು. ನಿಮಿಷಕ್ಕೆ 78 ಸುತ್ತಿನಿಂದ 76ಕ್ಕೆ ಇಳಿಸಿದೆ. ಶ್ರುತಿ ಕರಿ ಎರಡಕ್ಕೆ, ಅಂದರೆ ಎರಡನೇ ಕಪ್ಪು ಮನೆಗೆ, ಬಂದು ಕೂತಿತು. ನಿಷಾದ ಕೋಮಲ. ಭೀಮಪಲಾಸವೇ.

ಸಾಹಿತ್ಯ ಮಾತ್ರ ತಿಳಿಯುತ್ತಿರಲಿಲ್ಲ. ನಾನು ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ಕರಕರ ತೆಗೆದು ನಯ ಮಾಡಿದ್ದೆ. ಆ ಭರದಲ್ಲಿ ಸ, ಶ, ಚ ಎಲ್ಲ ಸವೆದುಹೋಗಿದ್ದವು. "ನಿನ್ನ ರಿಪೇರಿ ಬೇಡಪ್ಪ, ಮೊದಲಿನದು ಹಾಕು" ಅಂದರು. ಹಾಕಿದೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಮೇಷ್ಟ್ರು ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ನಾಲ್ಕನೇ ಸಲ ಆಕೆ ಹಾಡುವ ಮೊದಲೇ ಮುಂದಿನ ಸಾಲು ಇವರ ಬಾಯಲ್ಲಿತ್ತು. ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಕಾಲ್ಪೆಟ್ಟಿಗೆ (ಕಾಲಲ್ಲಿ ಗಾಳಿ ತುಳಿಯುವ ಹಾರ್ಮೋನಿಯಂ) ಒತ್ತಿದ ಹಾಡಂತೆ.

ಆ ಸಾಲು ಅಪ್ಪ ಗಡ್ಡ ಹೆರೆದುಕೊಳ್ಳುವಾಗ ಗುನುಗುತ್ತಿದ್ದದ್ದು. ಅಪ್ಪನಿಗೆ ಶ್ರುತಿ ನಿಲ್ಲುತ್ತಿರಲಿಲ್ಲ, ಅದಕ್ಕೇ ನನಗೆ ಗುರುತು ಸಿಕ್ಕಿರಲಿಲ್ಲ. ಒಂದು ಸಲವೂ ಇದು ಯಾವ ಹಾಡಪ್ಪಾ ಅಂತ ಕೇಳಲಿಲ್ಲ ನಾನು. ಅಲ್ಲೇ ಅತ್ತುಬಿಟ್ಟೆ. ಮೇಷ್ಟ್ರು ಏನೂ ಹೇಳದೆ ಪೆಟ್ಟಿಗೆಯ ಬಾತೆ (ಗಾಳಿ ತಿದಿ) ಹಾಕುತ್ತಾ ಷಡ್ಜ ಹಿಡಿದು ಕೂತಿದ್ದರು. ಹಾಲಿನವನು ಬೆಲ್ ಮಾಡಿದ ಮೇಲೆಯೇ ಎದ್ದದ್ದು.

ಎಲ್ಲರಿಗೂ ಈ ವಾರ ಪೆನ್‌ಡ್ರೈವ್ ತಲುಪಿಸುತ್ತೇನೆ. ಮೇಷ್ಟ್ರದ್ದಕ್ಕೆ ಕರಕರ ಇರುವುದನ್ನೇ ಹಾಕಿದ್ದೇನೆ.