ಸೀನನಿಗೊಂದು ಪತ್ರ: ಹಾಲು ನೀಲಿಗಟ್ಟಿದ ದಿನ

ಪ್ರಿಯ ಸೀನ,

ಕೊಡೆಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಜಾಗ ಇದು. ನಿನ್ನ ಮರ್ಯಾದೆಯ ಜೊತೆಗೆ ನನ್ನದೂ ಸ್ವಲ್ಪ ಹೋಗುತ್ತದೆ.

ಪಿಯುಸಿ ಮಕ್ಕಳಿಗೆ ನೀರಿನ ಪರೀಕ್ಷೆಯ ಬಗ್ಗೆ ಏನಾದರೂ ರುಚಿಕಟ್ಟಾಗಿ ಹೇಳೋಣವೆಂದು ಹುಡುಕುತ್ತಿದ್ದಾಗ ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬಾಕೆ ಸಿಕ್ಕಳು. ಕಾಲೇಜಿನಲ್ಲಿ ನಾವಿಬ್ಬರೂ ‘ಒಗ್ಗರಣೆ ಬಿ.ಎಸ್ಸಿ.’ ಎಂದು ಆಡಿಕೊಂಡು ನಗುತ್ತಿದ್ದೆವಲ್ಲ, ಆ ಗೃಹವಿಜ್ಞಾನಕ್ಕೆ ಅಮೆರಿಕದಲ್ಲಿ ಅಡಿಪಾಯ ಹಾಕಿದವರಲ್ಲಿ ಮುಖ್ಯಳು.

1870ರಲ್ಲಿ ಬಾಸ್ಟನ್ನಿನ ತಂತ್ರಜ್ಞಾನ ಸಂಸ್ಥೆ ಎಂ.ಐ.ಟಿ. ಆಕೆಯನ್ನು ರಸಾಯನಶಾಸ್ತ್ರಕ್ಕೆ ಸೇರಿಸಿಕೊಂಡಿತು. ಶುಲ್ಕ ಬೇಡ ಎಂದರು. ತನ್ನ ಬಡತನಕ್ಕೆ ಮರುಗಿದ್ದಾರೆ ಎಂದುಕೊಂಡಳು ಪಾಪ. ಸಂಗತಿ ಬೇರೆಯಿತ್ತು. ನಾಳೆ ಯಾರಾದರೂ ತಕರಾರು ತೆಗೆದರೆ ‘ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ’ ಎನ್ನಲು ಅನುಕೂಲವಾಗಲೆಂದು ರಸೀದಿಯನ್ನೇ ಹರಿದಿರಲಿಲ್ಲ. 1873ರಲ್ಲಿ ಅಲ್ಲಿ ಪದವಿ ಪಡೆದ ಮೊದಲ ಹೆಂಗಸಾದಳು. ಓದುತ್ತಿದ್ದಾಗ ಆಕೆ ಬರೆದ ಕಾಗದವೊಂದಿದೆ. ಮೇಜಿನ ಧೂಳು ಒರೆಸುತ್ತೇನೆ, ಪ್ರೊಫೆಸರರ ಕಾಗದಗಳನ್ನು ಹೊಲಿದುಕೊಡುತ್ತೇನೆ, ಗಾಯವಾದ ಬೆರಳಿಗೆ ಪಟ್ಟಿ ಕಟ್ಟುತ್ತೇನೆ. ಹೆಂಗಸರ ಕೆಲಸವೆಂದು ಮೂಗು ಮುರಿಯದ್ದರಿಂದಲೇ ಇಲ್ಲಿ ನನ್ನ ಪರವಾಗಿ ನಿಲ್ಲುವವರು ಸಿಕ್ಕಿದ್ದಾರೆ ಎಂಬ ಅರ್ಥದ ಮಾತುಗಳು. ಎರಡು ಸಲ ಓದಿದೆ. ಶುಲ್ಕ ಬೇಡವೆಂದವರು ಸುಂಕವನ್ನು ಹೀಗೆ ವಸೂಲು ಮಾಡಿಕೊಂಡಿದ್ದರು.

ಆಮೇಲಿನ ಕೆಲಸ ನೋಡು. 1887ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ಕೆರೆ, ಹೊಳೆ, ಬಾವಿಗಳ ನೀರು ಸಾವಿರಾರು ಸೀಸೆಗಳಲ್ಲಿ ಆಕೆಯ ಪ್ರಯೋಗಾಲಯಕ್ಕೆ ಬಂತು. ಉಪ್ಪಿನ ಕ್ಲೋರೈಡ್ ಸಮುದ್ರದ ಹತ್ತಿರದ ನೀರಿನಲ್ಲಿ ಹೆಚ್ಚು, ಒಳನಾಡಿಗೆ ಹೋದಂತೆ ಕಡಿಮೆ. ಒಂದೇ ಪ್ರಮಾಣದ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ನಕ್ಷೆಯ ಮೇಲೆ ಹೆಚ್ಚುಕಡಿಮೆ ಕರಾವಳಿಯಂತೆಯೇ ಸಾಗುವ ಗೆರೆಗಳು ಮೂಡುತ್ತವೆ. ಒಂದು ಬಾವಿ ತನ್ನ ಗೆರೆಗೆ ಮೀರಿ ಉಪ್ಪಾಗಿದೆಯೋ, ಅದಕ್ಕೆ ಕಾರಣ ಸಮುದ್ರವಲ್ಲ, ಪಕ್ಕದ ಪಾಯಿಖಾನೆಯಿಂದ ಇಳಿದ ಉಪ್ಪು! ಮಕ್ಕಳಿಗೆ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿದರು. ನನ್ನ ವೃತ್ತಿಜೀವನದಲ್ಲಿ ಅಪರೂಪದ ಘಟನೆ.

ಎಡವಲಿಲ್ಲವೆಂದಲ್ಲ. 1890ರಲ್ಲಿ ಬಾಸ್ಟನ್ನಿನಲ್ಲಿ ಅಗ್ಗದ ಪೌಷ್ಟಿಕ ಊಟದ ‘ನ್ಯೂ ಇಂಗ್ಲೆಂಡ್ ಕಿಚನ್’ ತೆರೆದಾಗ ವಲಸೆ ಬಂದ ಬಡವರು ಆ ಸಪ್ಪೆ ಊಟವನ್ನು ಒಲ್ಲೆವೆಂದರು. ಮುದ್ದೆ ಕೇಳಿದವನ ಮುಂದೆ ಓಟ್ಸ್ ಗಂಜಿ ಇಟ್ಟಂತೆ. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಸಭೆಗಳು ಶುರುವಾದವು, ಮುಂದೆ ಗೃಹವಿಜ್ಞಾನಕ್ಕೊಂದು ಸಂಘವಾಯಿತು, ಈಕೆಯೇ ಮೊದಲ ಅಧ್ಯಕ್ಷೆ. ರಸಾಯನ ವಿಭಾಗದಲ್ಲಿ ಹೆಂಗಸರಿಗೆ ಕುರ್ಚಿ ಕೊಡದಿದ್ದರೆ ಅಡುಗೆಮನೆಯನ್ನೇ ರಸಾಯನ ವಿಭಾಗ ಮಾಡಿದಳು ಎನ್ನು. ಪೇಚೆಂದರೆ, ಆಮೇಲೆ ಬಂದ ಜಾಣೆಯರನ್ನೆಲ್ಲ ‘ನಿಮ್ಮ ಬಾಗಿಲು ಅಲ್ಲಿದೆಯಲ್ಲ’ ಎಂದು ಅತ್ತ ಸಾಗಹಾಕುವುದೂ ಸುಲಭವಾಯಿತು.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು. ಅಕ್ಕ ನೆನಪಾದಳು.

ಪಿಯುಸಿ ರಸಾಯನಶಾಸ್ತ್ರದಲ್ಲಿ ಅವಳಿಗೆ ನನಗಿಂತ 17 ಅಂಕ ಹೆಚ್ಚು. ಅವಳನ್ನು ಗೃಹವಿಜ್ಞಾನಕ್ಕೆ ಸೇರಿಸಿದರು, ಎರಡು ವರ್ಷದ ನಂತರ ನನ್ನನ್ನು ರಸಾಯನಶಾಸ್ತ್ರಕ್ಕೆ. ‘ಹೆಣ್ಣುಮಗಳಿಗೆ ನಾಳೆ ಉಪಯೋಗಕ್ಕೆ ಬರುತ್ತದೆ’ ಎಂದಿದ್ದರು ಅಪ್ಪ.

ನಾನು ಹಾಲಿನ ಕಲಬೆರಕೆ ಕಂಡುಹಿಡಿದ ಕಥೆ ನಿನಗೆ ಬಾಯಿಪಾಠ. ನನ್ನ ಮದುವೆಯಲ್ಲಿ ಮೈಕ್ ಹಿಡಿದು ಹೇಳಿದವನೂ ನೀನೇ. ಸೀನ, ಅದು ನಾನಲ್ಲ. ಅಕ್ಕ ಒಂದು ಬೆಳಿಗ್ಗೆ ಸ್ವಲ್ಪ ಹಾಲು ಕಾಯಿಸಿ, ಆರಿಸಿ, ಸ್ಟೀಲ್ ಲೋಟಕ್ಕೆ ಹಾಕಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಮೂರು ಹನಿ ಬಿಟ್ಟಳು. ಹಾಲು ನೀಲಿಗಟ್ಟಿತು. ‘ಹಿಟ್ಟು ಕಲೆಸಿದ್ದಾರೆ, ನೋಡು’ ಎಂದು ಲೋಟವನ್ನು ನನ್ನ ಕೈಗಿತ್ತಳು. ಅಷ್ಟರಲ್ಲಿ ಅಪ್ಪ ಬಂದರು. ಲೋಟ ನೋಡಿದರು, ನನ್ನನ್ನು ನೋಡಿದರು, ಹೊರಗೆ ಹೋಗಿ ಇಡೀ ಬೀದಿಗೆ ಕೇಳುವಂತೆ ‘ನನ್ನ ಮಗ ಕಂಡುಹಿಡಿದ’ ಎಂದರು. ನಾನು ಬಾಯಿ ಬಿಡಲಿಲ್ಲ. ಅಕ್ಕ ಲೋಟವನ್ನು ಬಚ್ಚಲಿಗೆ ಒಯ್ದು, ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿ ತೊಳೆದಳು.

ಪ್ರತಿ ಜೂನ್‌ನಲ್ಲಿ ನನ್ನ ಮೊದಲ ತರಗತಿ ಶುರುವಾಗುವುದು ಆ ಕಥೆಯಿಂದಲೇ. ಅಕ್ಕನ ಎದುರೇ ಎಷ್ಟೋ ಸಲ ಹೇಳಿದ್ದೇನೆ. ಒಮ್ಮೆಯೂ ತಿದ್ದಲಿಲ್ಲ. ಮರೆತಿದ್ದಾಳೋ, ಅಥವಾ ನನ್ನಿಂದ ಅಷ್ಟನ್ನೂ ನಿರೀಕ್ಷಿಸುವುದನ್ನು ಬಿಟ್ಟಿದ್ದಾಳೋ, ಕೇಳಲು ಧೈರ್ಯವಿಲ್ಲ.

ಸಾಕು. ಬರೆಯಲು ಕೂತದ್ದು ಇದನ್ನಲ್ಲ, ನೀರಿನ ಪಾಠದ ಜಂಬ ಕೊಚ್ಚಿಕೊಳ್ಳಲು. ನಮ್ಮ ಮನೆಯಲ್ಲಿ ಈಗ ನನಗೆ ಉಳಿದಿರುವ ಏಕೈಕ ರಸಾಯನ ಪ್ರಯೋಗವೆಂದರೆ ಹಾಲು ಉಕ್ಕಿಸಿ ಒಲೆಯೆಲ್ಲ ರಂಪ ಮಾಡುವುದು.

ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಕಾಫಿ ಕೊಡು. ಅಯೋಡಿನ್ ತರುವುದಿಲ್ಲ, ನಿಮ್ಮ ಮನೆಯ ಕಾಫಿಗೆ ಕಣ್ಣೇ ಸಾಕು.

ನಿನ್ನ,
ಮೂರನೆಯ ಬೀಕರ್