ಹಕ್ಕಲಿಗೆ ಬಿಡುವ ಮೂಲೆಗೂ ಅಳತೆಯಿದೆ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಆಧ್ಯಾತ್ಮ ಅಂಕಣದಲ್ಲಿ ಯಹೂದ್ಯರ ಧರ್ಮಗ್ರಂಥವಾದ ತೋರಾದ ಪ್ರಸ್ತಾಪ ಬರುವುದೇ ಅಪರೂಪ. ಬಂದರೂ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದು ತೋರಾದ ಮೂರನೇ ಗ್ರಂಥವಾದ ಯಾಜಕಕಾಂಡದ 19ನೇ ಅಧ್ಯಾಯದ 18ನೇ ವಚನ. ಅದೇ ಅಧ್ಯಾಯದ 9 ಮತ್ತು 10ನೇ ವಚನಗಳು ಹೊಲದ ಮೂಲೆಯನ್ನು ಪೂರ್ತಿ ಕೊಯ್ಯಬೇಡ, ಕೊಯ್ಯುವಾಗ ಉದುರಿದ ಹಕ್ಕಲನ್ನು ನೀನೇ ಆಯಬೇಡ, ಬಡವರಿಗೂ ಪರದೇಶಿಗೂ ಬಿಡು ಎನ್ನುತ್ತವೆ. 13ನೆಯದು ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎನ್ನುತ್ತದೆ. 35 ಮತ್ತು 36 ತಕ್ಕಡಿ, ತೂಕದ ಕಲ್ಲುಗಳ ಬಗ್ಗೆ. ‘ಪರಿಶುದ್ಧರಾಗಿರಿ’ ಎಂದು ಶುರುವಾದ ಮಾತು ನೇರವಾಗಿ ಹೊಲಕ್ಕೆ, ಪಗಾರಕ್ಕೆ, ಅಂಗಡಿಗೆ ಇಳಿಯುತ್ತದೆ. ಇದನ್ನೆಲ್ಲ ಬಿಟ್ಟು ಪ್ರೀತಿಯೊಂದನ್ನೇ ಎತ್ತಿಕೊಂಡರೆ ಆ ಪ್ರೀತಿಗೆ ಕೈಕಾಲೇ ಇರುವುದಿಲ್ಲ.

ತೋರಾದ ಐದು ಗ್ರಂಥಗಳನ್ನು 54 ಪಾಠಗಳಾಗಿ ಹಂಚಿ, ಪ್ರತಿ ಶನಿವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಓದುತ್ತಾರೆ. ಬರುವ ಶನಿವಾರದ ಪಾಠದ ಮೊದಲ ಭಾಗವನ್ನು ಸೋಮವಾರ ಮತ್ತು ಗುರುವಾರವೂ ಓದುವುದುಂಟು, ಮೂರು ದಿನ ಓದಿಲ್ಲದೆ ಕಳೆಯಬಾರದೆಂದು. ಕೊನೆಯ ಪಾಠ ಮುಗಿದ ದಿನವೇ ಮೊದಲನೆಯದು ಮತ್ತೆ ಶುರು. ನಮ್ಮ ಅಧಿಕ ಮಾಸದ ಹಾಗೆ ಅವರ ಪಂಚಾಂಗದಲ್ಲೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚಾಗುತ್ತದೆ. ಹೆಚ್ಚಾಗದ ವರ್ಷ ವಾರಗಳು ಸಾಲದೆ ಕೆಲವು ಪಾಠಗಳನ್ನು ಜೋಡಿ ಮಾಡಿ ಓದುತ್ತಾರೆ. ಮೇಲೆ ಹೇಳಿದ ಅಧ್ಯಾಯವಿರುವ ‘ಕೆದೋಶಿಮ್’ ಹಾಗೆ ಜೋಡಿಯಾಗುವಂಥದು. ಆದ್ದರಿಂದ ಹೋದ ವರ್ಷದ ತಾರೀಖನ್ನೇ ಈ ವರ್ಷಕ್ಕೆ ಹಾಕಿದರೆ ತಪ್ಪಾಗುತ್ತದೆ.

ಹೊಲದ ಮೂಲೆಗೆ ಹೀಬ್ರೂವಿನಲ್ಲಿ ‘ಪೇಆ’ ಎನ್ನುತ್ತಾರೆ. ಎಷ್ಟು ಬಿಡಬೇಕೆಂದು ತೋರಾ ಹೇಳಿಲ್ಲ. ಯಹೂದ್ಯ ಧರ್ಮಗುರುಗಳಾದ ರಬ್ಬಿಗಳ ನಿಯಮಗಳು ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾದಲ್ಲಿ ಇದಕ್ಕೆಂದೇ ಒಂದು ಭಾಗವಿದ್ದು, ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು, ಹೊಲದ ಅಳತೆ, ಬಡವರ ಸಂಖ್ಯೆ, ಬೆಳೆಯ ಪ್ರಮಾಣ ನೋಡಿ ಹೆಚ್ಚಿಸಬೇಕು ಎಂದಿದೆ. ನಮ್ಮ ಲೆಕ್ಕದಲ್ಲಿ ಮೂರು ಎಕರೆಗೆ ಎರಡು ಗುಂಟೆ. ಒಮ್ಮೆಲೇ ಕೊಯ್ದು ಕೂಡಿಡುವ ಬೆಳೆಗಷ್ಟೇ ಈ ನಿಯಮ. ಕಾಳುಗಳೂ ಅದರಲ್ಲಿ ಸೇರಿವೆ. ಹಣ್ಣಾದ ಹಾಗೆ ಬಿಡಿಬಿಡಿಯಾಗಿ ಕೀಳುವ ಅಂಜೂರಕ್ಕೆ ಇಲ್ಲ, ಕಾಯಿಪಲ್ಲೆಗೂ ಇಲ್ಲ. ಮೂಲೆಯನ್ನು ಕೊಯ್ಲಿನ ಕೊನೆಗೆ, ಹೊಲದ ತುದಿಯಲ್ಲೇ ಬಿಡಬೇಕೆಂಬುದಕ್ಕೆ ರಬ್ಬಿಗಳು ಕಾರಣ ಕೊಟ್ಟಿದ್ದಾರೆ. ಎಲ್ಲೆಂದರಲ್ಲಿ ಬಿಟ್ಟರೆ ಮಾಲೀಕ ಯಾರೂ ಇಲ್ಲದ ಹೊತ್ತು ನೋಡಿ ತನ್ನ ನೆಂಟನನ್ನು ಕರೆದಾನು. ಬಡವರು ಯಾವಾಗ ಬಿಡುತ್ತಾನೋ ಎಂದು ದಿನವಿಡೀ ಕಾದು ಕೂತಾರು. ದಾರಿಹೋಕರು ಮೂಲೆಯನ್ನೂ ಬಿಡದೆ ಕೊಯ್ದನಲ್ಲ ಎಂದು ಶಪಿಸಿಯಾರು.

ಶರಣಬಸವೇಶ್ವರರ ದಾಸೋಹ ಕಂಡ ಕಲಬುರಗಿಗೆ ಹಸಿದವರಿಗೆ ನೀಡುವುದು ಹೊಸದಲ್ಲ. ಪೇಆದ ಬಗೆ ಬೇರೆ. ಇಲ್ಲಿ ಮಾಲೀಕ ನೀಡುವುದೇ ಇಲ್ಲ. ನಿಂತ ಬೆಳೆಯನ್ನು ಬಿಟ್ಟು ಸರಿಯುತ್ತಾನೆ, ಬಂದವರು ತಾವೇ ಕಿತ್ತುಕೊಳ್ಳುತ್ತಾರೆ. ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತಡೆದರೆ, ಅಷ್ಟೇಕೆ, ಒಬ್ಬನಿಗೆ ತಾನು ಕೈಜೋಡಿಸಿದರೂ ಅದು ಬಡವರ ಪಾಲಿನ ಕಳವು ಎಂದು ಮಿಶ್ನಾ ಹೇಳುತ್ತದೆ. ಬಡವರೂ ಅಲ್ಲಿ ಕುಡುಗೋಲು ಬೀಸುವಂತಿಲ್ಲ, ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ತಾಗಿಸಿಕೊಳ್ಳಬಾರದೆಂದು.

ಹಕ್ಕಲಿನ ಲೆಕ್ಕ ಇನ್ನೂ ಸೂಕ್ಷ್ಮ. ಕೊಯ್ಯುವಾಗ ಒಂದೋ ಎರಡೋ ತೆನೆ ಬಿದ್ದರೆ ಬಡವರದು, ಒಟ್ಟಿಗೆ ಮೂರು ಬಿದ್ದರೆ ಮಾಲೀಕನದು. ಮುಳ್ಳು ಚುಚ್ಚಿ ಕೈಯಿಂದ ಜಾರಿದ್ದು ಮಾಲೀಕನದೇ. ಹಕ್ಕಲಾಯುವ ಮೊದಲೇ ಅದರ ಮೇಲೆ ಬಣವೆ ಒಟ್ಟಿದರೆ, ಬಣವೆಯಲ್ಲಿ ನೆಲಕ್ಕೆ ತಾಗಿದ್ದೆಲ್ಲ ಬಡವರ ಪಾಲು. ಇನ್ನೊಂದು ಪಾಠ ‘ಕೀ ತೇತ್ಸೇ’ಯಲ್ಲಿ, ಧರ್ಮೋಪದೇಶಕಾಂಡ 24:19ರಲ್ಲಿ, ಹೊಲದಲ್ಲಿ ಮರೆತು ಬಂದ ಸಿವುಡನ್ನು ತರಲು ಹಿಂದಿರುಗಬೇಡ ಎಂದಿದೆ. ಈ ಪುಣ್ಯವನ್ನು ಬೇಕೆಂದು ಮಾಡಲು ಬರುವುದಿಲ್ಲ. ನಿಜವಾಗಿ ಮರೆತಿದ್ದರೆ ಮಾತ್ರ ಲಭ್ಯ. ವಾರದ ಪಾಠಗಳಲ್ಲಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದೇ: ನಮ್ಮ ಮರೆವಿನಲ್ಲೂ ಇನ್ನೊಬ್ಬರ ಪಾಲು ಇರಬಹುದು.

ಹೊಲದ ಈ ನಿಯಮಗಳು ಮೂಲತಃ ಇಸ್ರೇಲಿನ ನೆಲಕ್ಕೆ ಸೇರಿದವು, ನಮ್ಮ ಮೇಲೆ ಯಾವ ಕಟ್ಟೂ ಇಲ್ಲ. ಆದರೆ ಹಕ್ಕಲು ಎಂಬ ಮಾತು ನಮ್ಮದೂ ಹೌದು. ಡಿಸೆಂಬರ್–ಜನವರಿಯ ತೊಗರಿ ರಾಶಿಯಲ್ಲಿ ದೊಡ್ಡ ಮಷಿನ್ ಇಳಿದರೆ ಬದುವಿನಿಂದ ಬದುವಿಗೆ ಒಂದೇ ಓಟ. ಉದುರಿದ ಕಾಯಿ ಗಾಲಿಯಡಿ ಸಿಕ್ಕಿ ಮಣ್ಣಾಗುತ್ತದೆ, ಮರುದಿನವೇ ಕುರಿ ಬಿಟ್ಟರೆ ಆಯುವವರಿಗೆ ಏನೂ ಉಳಿಯದು. ಬಿಡುವ ಮನಸ್ಸಿದ್ದವರು ಮಷಿನ್ ಬರುವ ಮೊದಲೇ ಆ ಎರಡು ಗುಂಟೆಗೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ ಡ್ರೈವರ್‌ಗೆ ತೋರಿಸಬೇಕು. ಹೊಲ ಮುಗಿದ ಮೇಲೆ ಹೇಳಿದರೆ ಬಿಡಲು ಗಿಡವೇ ಇರುವುದಿಲ್ಲ. ಸವುಳು ಹಿಡಿದ, ಬೇವಿನ ನೆರಳಿಗೆ ಸೊರಗಿದ ತುಂಡನ್ನು ಆರಿಸಿ ಬಿಡುವುದು ನಮ್ಮ ದೃಷ್ಟಿಯಲ್ಲಿ ಬಿಟ್ಟಂತಲ್ಲ. ಕಾಯಿಕೊರಕಕ್ಕೆ ಕೊನೆಯ ಔಷಧ ಹೊಡೆದಿದ್ದರೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಯಾರೂ ಹಸಿಕಾಯಿ ಕೀಳದಂತೆ ಹೇಳಬೇಕು.

ನಿಮ್ಮ ಅಂಕಣದಲ್ಲಿ ವಾರದ ತೋರಾ ಪಾಠಕ್ಕೆ ಜಾಗ ಕೊಡುವುದಾದರೆ ಪಾಠದ ಹೆಸರು, ಅಧ್ಯಾಯ, ವಚನ, ಜತೆಗೆ ಅದರ ಅಳತೆಯನ್ನೂ ಅಚ್ಚು ಹಾಕಿ. ‘ಕೀ ತೇತ್ಸೇ’ ಬರುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ನಮ್ಮ ತೊಗರಿ ಇನ್ನೂ ಹೂ ಬಿಡದಿರುವಾಗ. ಅದೇ ಮಾತನ್ನು ರಾಶಿಯ ಹೊತ್ತಿಗೆ ಕೃಷಿ ಪುಟದಲ್ಲಿ ಇನ್ನೊಮ್ಮೆ ಹಾಕಿದರೆ ಉಪಯೋಗ. ಹಕ್ಕಲು ಎಂದಿನಿಂದ ಎಲ್ಲರಿಗೂ ಮುಕ್ತ ಎಂಬ ಪ್ರಶ್ನೆಗೆ, ಬಡವರಲ್ಲಿ ಕೊನೆಯವರು ಹೊಲ ದಾಟಿ ಹೋದ ಮೇಲೆ ಎನ್ನುತ್ತದೆ ಮಿಶ್ನಾ. ಆ ಕೊನೆಯವರೆಂದರೆ ಕೋಲೂರಿಕೊಂಡು ನಡೆಯುವ ಮುದುಕರು ಎಂದು ಅರ್ಥ ಹೇಳಿದ್ದಾರೆ. ಕುರಿ ಬಿಡುವುದು ಅವರು ಹೋದ ಮೇಲೆ.

– ತೊಗರಿ ಬೆಳೆಗಾರ ಓದುಗರು, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ